ಕರಾವಳಿಯ ಮಳೆಗೆ ಕಾರಿನ ಟಯರ್: ಆರಿಸುವ ಕ್ರಮ, ಬ್ರ್ಯಾಂಡಿನ ಲೆಕ್ಕ, ವಾರಂಟಿಯ ಷರತ್ತು

ಮಂಗಳೂರು, ಉಡುಪಿ ಕಡೆಯವರು ಕಾರಿನ ಟಯರ್ ಬದಲಿಸುವುದಿದ್ದರೆ ಪತ್ತನಾಜೆಗೆ ಮೊದಲೇ ಬದಲಿಸಬೇಕು. ಮೇ ಕೊನೆಯಲ್ಲಿ ಬರುವ ಆ ದಿನ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆ ಯಾವ ದಿನವೂ ಹಿಡಿಯಬಹುದು. ಮೊದಲ ಮಳೆಗೆ ಕಾರು ಒಮ್ಮೆ ಜಾರಿದ ನಂತರ ಅಂಗಡಿಗೆ ಓಡುವವರು ಅಲ್ಲಿ ಉಳಿದದ್ದನ್ನು ಹಾಕಿಸಿಕೊಂಡು ಬರುತ್ತಾರೆ. ಏಪ್ರಿಲ್‌ನಲ್ಲಿ ಹೋದರೆ ನಾಲ್ಕು ಅಂಗಡಿ ಸುತ್ತಬಹುದು, ಬೇಕಾದ ಮಾಡೆಲ್ ಇಲ್ಲದಿದ್ದರೆ ಹೇಳಿ ತರಿಸಬಹುದು, ಹೊಸ ಟಯರಿಗೆ ಒಣ ರಸ್ತೆಯಲ್ಲಿ ನೂರಾರು ಕಿಲೋಮೀಟರ್ ಓಡಿ ಪಳಗಲು ಸಮಯವೂ ಸಿಗುತ್ತದೆ.

ನಮ್ಮ ಎರಡೂ ಜಿಲ್ಲೆಗಳಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಆದ್ದರಿಂದ ಇಲ್ಲಿನವರು ಟಯರ್ ಆರಿಸುವಾಗ ಮೊದಲು ಒದ್ದೆ ರಸ್ತೆಯ ಹಿಡಿತವನ್ನು, ಆಮೇಲೆ ಟಯರ್ ತಯಾರಾದ ತಾರೀಕನ್ನು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ರ್ಯಾಂಡ್, ವಾರಂಟಿ, ದರ ಈ ಎರಡರ ನಂತರ ಬರಬೇಕು. ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ. ‘ಯಾವ ಕಂಪನಿಯದ್ದು ಹೆಚ್ಚು ಓಡುತ್ತದೆ, ಎಷ್ಟು ವರ್ಷ ವಾರಂಟಿ’ ಎಂದೇ ಮಾತು ಶುರುವಾಗುತ್ತದೆ.

ಮೊದಲು ಹಳೆಯ ಟಯರನ್ನು ಓದಿ

ಟಯರಿನ ಬದಿಯಲ್ಲಿ 185/65 ಆರ್15 88ಎಚ್ ಎಂಬಂಥ ಒಂದು ಸಾಲು ಇರುತ್ತದೆ. 185 ಎಂದರೆ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಟಯರಿನ ಗೋಡೆಯ ಎತ್ತರ, ಅಗಲದ ಶೇಕಡಾ 65ರಷ್ಟು. ಆರ್ ಎಂದರೆ ರೇಡಿಯಲ್, 15 ಎಂದರೆ ರಿಮ್ಮಿನ ಇಂಚು. ಕೊನೆಯ 88 ಭಾರದ ಸೂಚ್ಯಂಕ: ಆ ಒಂದು ಟಯರ್ 560 ಕಿಲೋ ಹೊರಬಲ್ಲದು. ಎಚ್ ವೇಗದ ಗುರುತು, ಗಂಟೆಗೆ 210 ಕಿಲೋಮೀಟರ್ ತನಕ. ಟಿ ಇದ್ದರೆ 190, ವಿ ಇದ್ದರೆ 240. ಚಾಲಕನ ಬಾಗಿಲು ತೆರೆದರೆ ಕಂಬದಲ್ಲಿ ಅಂಟಿಸಿರುವ ಚೀಟಿಯಲ್ಲಿ ಕಾರಿನ ಕಂಪನಿ ಹೇಳಿದ ಅಳತೆ ಮತ್ತು ಗಾಳಿಯ ಒತ್ತಡ ಇರುತ್ತದೆ. ಕಾರು ಸೆಕೆಂಡ್ ಹ್ಯಾಂಡ್ ಆಗಿದ್ದರೆ ಈ ಚೀಟಿಯನ್ನು ತಪ್ಪದೆ ನೋಡಿ, ಹಿಂದಿನ ಮಾಲೀಕರು ಬೇರೆ ಅಳತೆ ಹಾಕಿಸಿರಬಹುದು. ಭಾರದ ಅಂಕಿ, ವೇಗದ ಅಕ್ಷರ ಎರಡೂ ಚೀಟಿಯಲ್ಲಿರುವುದಕ್ಕಿಂತ ಕೆಳಗಿಳಿಯಬಾರದು. ಅಂದಕ್ಕಾಗಿ ದೊಡ್ಡ ಟಯರ್ ಹಾಕಿಸುವ ಮನಸ್ಸಿದ್ದರೆ ಒಟ್ಟು ವ್ಯಾಸ ಶೇಕಡಾ 3ಕ್ಕಿಂತ ಹೆಚ್ಚು ಬದಲಾಗದಂತೆ ನೋಡಿಕೊಳ್ಳಿ. ನನ್ನನ್ನು ಕೇಳಿದರೆ ಕಂಪನಿಯ ಅಳತೆಯೇ ಸಾಕು.

ಇನ್ನು ಸವೆತ. ಹೊಸ ಕಾರಿನ ಟಯರಿನ ಗೀರುಗಳು ಸುಮಾರು 7ರಿಂದ 8 ಮಿಲಿಮೀಟರ್ ಆಳ ಇರುತ್ತವೆ. ಗೀರಿನ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಚಿಕ್ಕ ರಬ್ಬರ್ ದಿಬ್ಬಗಳಿವೆ. ಟಯರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಉಳಿದ ಆಳ 1.6 ಮಿಲಿಮೀಟರ್, ನಮ್ಮ ಮೋಟಾರು ವಾಹನ ನಿಯಮ ಕಾರುಗಳಿಗೆ ಒಪ್ಪುವ ಕನಿಷ್ಠ ಆಳ ಅಷ್ಟೇ. ಆದರೆ ಕರಾವಳಿಯ ಮಳೆಗೆ ಅದು ಸಾಲದು. ಪಡುಬಿದ್ರಿ ದಾಟಿ ಕಾಪುವಿನ ಕಡೆಗೆ ಹೆದ್ದಾರಿಯಲ್ಲಿ ಹೋಗುವಾಗ ಜೋರು ಮಳೆ ಬಂದರೆ ರಸ್ತೆಯ ಮೇಲೆ ನೀರಿನ ಪೊರೆ ನಿಲ್ಲುತ್ತದೆ. ಆ ನೀರನ್ನು ಬದಿಗೆ ತಳ್ಳುವ ಕೆಲಸ ಗೀರುಗಳದ್ದು. ಗೀರು ಆಳವಿಲ್ಲದಿದ್ದರೆ ನೀರು ಹೋಗಲು ಜಾಗವಿಲ್ಲದೆ ಟಯರ್ ನೀರಿನ ಮೇಲೆ ಏರುತ್ತದೆ, ಸ್ಟೀರಿಂಗ್ ಒಮ್ಮೆಲೇ ಹಗುರಾಗುತ್ತದೆ, ಬ್ರೇಕ್ ಒತ್ತಿದರೂ ಕಾರು ನಿಲ್ಲುವುದಿಲ್ಲ. ಹಾಗಾಗಿ ಆಳ 3 ಮಿಲಿಮೀಟರಿಗೆ ಇಳಿದಿದ್ದರೆ ಮುಂದಿನ ಮಳೆಗಾಲಕ್ಕೆ ಆ ಟಯರನ್ನು ನಂಬಬೇಡಿ. ಆಳ ಅಳೆಯುವ ಪುಟ್ಟ ಗೇಜ್‌ಗೆ ಹೆಚ್ಚು ಹಣ ಬೇಕಿಲ್ಲ. ಒಂದನ್ನು ಕಾರಿನಲ್ಲೇ ಇಟ್ಟುಕೊಳ್ಳಿ; ಒಳಬದಿ, ನಡು, ಹೊರಬದಿ ಮೂರೂ ಕಡೆ ಅಳೆಯಿರಿ.

ಮೂರು ಕಡೆಯ ಅಳತೆ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಒಂದೇ ಅಂಚು ಬೋಳಾಗಿದ್ದರೆ ಚಕ್ರಗಳು ನಿಲ್ಲುವ ಕೋನ, ಅಂದರೆ ಅಲೈನ್‌ಮೆಂಟ್, ತಪ್ಪಿದೆ, ಇಲ್ಲವೇ ಸಸ್ಪೆನ್ಷನ್ನಿನ ಯಾವುದೋ ಬುಷ್ ಹೋಗಿದೆ. ಅದನ್ನು ಸರಿಪಡಿಸದೆ ಹೊಸ ಟಯರ್ ಹಾಕಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ, ಆಗ ಯಾವ ವಾರಂಟಿಯೂ ಕೈ ಹಿಡಿಯುವುದಿಲ್ಲ.

ಓಡದ ಕಾರಿನ ಟಯರಿಗೂ ವಯಸ್ಸಾಗುತ್ತದೆ

ಇದು ನಮ್ಮ ಊರುಗಳಲ್ಲಿ ಬಿಡಿಸಿ ಹೇಳಲೇಬೇಕಾದ ಮಾತು. ಮನೆಯವರು ದುಬೈಯಲ್ಲೋ ಮುಂಬಯಿಯಲ್ಲೋ ಇದ್ದು, ಕಾರು ವರ್ಷದಲ್ಲಿ ಹತ್ತು ತಿಂಗಳು ಶೆಡ್ಡಿನಲ್ಲೇ ನಿಂತಿರುವುದು ಇಲ್ಲಿ ಹೊಸತಲ್ಲ. ರಜೆಗೆ ಬಂದಾಗ ನೋಡಿದರೆ ಗೀರು ಹೊಸದರಂತೆ ಆಳವಾಗಿರುತ್ತದೆ. ‘ಟಯರ್ ಓಡಲೇ ಇಲ್ಲವಲ್ಲ’ ಎಂದುಕೊಂಡು ಕುಟುಂಬವನ್ನು ಕೂರಿಸಿಕೊಂಡು ಧರ್ಮಸ್ಥಳ, ಅಲ್ಲಿಂದ ಚಾರ್ಮಾಡಿ ಘಾಟಿ ಹತ್ತಿ ಮುಂದಕ್ಕೆ ಹೊರಡುತ್ತಾರೆ. ಆದರೆ ಗಾಳಿ, ಬಿಸಿಲು, ಸೆಕೆಗೆ ರಬ್ಬರ್ ಗಡುಸಾಗುತ್ತದೆ. ರಬ್ಬರಿನ ಒಳಗೆ ಬೆರೆಸಿರುವ ರಕ್ಷಣೆಯ ಮೇಣ ಹೊರಕ್ಕೆ ಬರುವುದು ಟಯರ್ ಉರುಳಿ ಬಾಗಿದಾಗ. ನಿಂತೇ ಇರುವ ಟಯರಿನಲ್ಲಿ ಅದು ಸರಿಯಾಗಿ ಹರಡದೆ ಗೋಡೆಯಲ್ಲಿ ಕೂದಲೆಳೆಯ ಬಿರುಕು ಮೂಡುತ್ತದೆ. ಗಡುಸಾದ ರಬ್ಬರಿಗೆ ಒದ್ದೆ ರಸ್ತೆಯಲ್ಲಿ ಹಿಡಿತ ಇರುವುದಿಲ್ಲ.

ವಯಸ್ಸು ತಿಳಿಯಲು ಟಯರಿನ ಬದಿಯಲ್ಲಿ ಡಿ, ಒ, ಟಿ ಎಂಬ ಮೂರು ಅಕ್ಷರಗಳಿಂದ ಆರಂಭವಾಗುವ ಸಾಲನ್ನು ಹುಡುಕಿ. ಅದರ ಕೊನೆಯ ನಾಲ್ಕು ಅಂಕಿ 2324 ಎಂದಿದ್ದರೆ ಆ ಟಯರ್ 2024ರ 23ನೇ ವಾರದಲ್ಲಿ ತಯಾರಾದದ್ದು. ನಾಲ್ಕಂಕಿ ಒಂದು ಬದಿಯಲ್ಲಿ ಮಾತ್ರ ಇರುವುದುಂಟು. ಹೊರಗೆ ಕಾಣದಿದ್ದರೆ ಒಳಬದಿಯಲ್ಲಿರುತ್ತದೆ. ಐದು ವರ್ಷ ದಾಟಿದ ಟಯರನ್ನು ಪ್ರತಿವರ್ಷ ತಿಳಿದವರಿಗೆ ತೋರಿಸಬೇಕು, ಹತ್ತು ವರ್ಷವಾದ ಮೇಲೆ ಹೇಗೇ ಕಂಡರೂ ತೆಗೆಯಬೇಕು ಎನ್ನುವುದು ದೊಡ್ಡ ಕಂಪನಿಗಳೇ ಕೊಡುವ ಸಲಹೆ. ನಮ್ಮ ಸೆಕೆ, ಉಪ್ಪುಗಾಳಿಯಲ್ಲಿ ಆರೇಳು ವರ್ಷದ ಟಯರನ್ನು ನಾನು ಘಾಟಿಗೆ ಒಯ್ಯಲಾರೆ. ಸ್ಟೆಪ್ನಿಯ ತಾರೀಕನ್ನೂ ನೋಡಿ. ಕಾರಿನೊಂದಿಗೆ ಬಂದ ಸ್ಟೆಪ್ನಿ ಒಮ್ಮೆಯೂ ನೆಲ ಮುಟ್ಟದೆ ಮುದಿಯಾಗಿರುತ್ತದೆ.

ಹೊಸ ಟಯರ್ ಕೊಳ್ಳುವಾಗಲೂ ಇದೇ ನಾಲ್ಕಂಕಿ ಮುಖ್ಯ. ಆರು ತಿಂಗಳೊಳಗಿನದ್ದು ಸಿಕ್ಕರೆ ಒಳ್ಳೆಯದು, ಒಂದು ವರ್ಷದ ತನಕ ಒಪ್ಪಬಹುದು. ಎರಡು ವರ್ಷ ಗೋದಾಮಿನಲ್ಲಿ ಕುಳಿತದ್ದನ್ನು ರಿಯಾಯಿತಿ ಕೊಟ್ಟರೂ ಬೇಡವೆನ್ನಿ. ಫೋನಿನಲ್ಲಿ ದರ ಕೇಳುವಾಗಲೇ ‘ಯಾವ ವಾರದ್ದು?’ ಎಂದು ಕೇಳಿ. ಸರಿಯಾದ ಅಂಗಡಿಯವರು ಒಳಗೆ ಹೋಗಿ ನೋಡಿ ಬಂದು ಹೇಳುತ್ತಾರೆ.

ನಾಲ್ಕೋ ಎರಡೋ, ಎರಡಾದರೆ ಎಲ್ಲಿಗೆ

ನಾಲ್ಕೂ ಒಟ್ಟಿಗೆ ಬದಲಿಸಲು ಎಲ್ಲರಿಗೂ ಆಗುವುದಿಲ್ಲ. ಎರಡೇ ಹಾಕಿಸುವುದಾದರೆ ಒಂದೇ ಅಚ್ಚಿನ (ಆಕ್ಸಲ್) ಎರಡೂ ಚಕ್ರಕ್ಕೆ ಒಂದೇ ಮಾಡೆಲ್ ಇರಲಿ, ಮತ್ತು ಹೊಸ ಜೋಡಿ ಹಿಂದಿನ ಚಕ್ರಗಳಿಗೇ ಹೋಗಲಿ. ಇದನ್ನು ಹೇಳಿದರೆ ಬಹಳ ಮೆಕ್ಯಾನಿಕ್‌ಗಳು ಒಪ್ಪುವುದಿಲ್ಲ. ಎಂಜಿನ್ ಎಳೆಯುವುದು ಮುಂದಿನ ಚಕ್ರ, ಸ್ಟೀರಿಂಗ್ ತಿರುಗಿಸುವುದೂ ಮುಂದಿನ ಚಕ್ರ, ಹಾಗಾದರೆ ಹೊಸದು ಮುಂದಕ್ಕಲ್ಲವೇ ಎನ್ನುತ್ತಾರೆ. ನೀರಿನಲ್ಲಿ ಮುಂದಿನ ಚಕ್ರ ಹಿಡಿತ ಬಿಟ್ಟರೆ ಕಾರು ನೇರಕ್ಕೆ ಹೋಗುತ್ತದೆ. ಕಾಲನ್ನು ಆಕ್ಸಿಲರೇಟರಿನಿಂದ ತೆಗೆದರೆ ವೇಗ ಇಳಿದು ಹಿಡಿತ ಮರಳುವ ಅವಕಾಶವಿದೆ. ಹಿಂದಿನ ಚಕ್ರ ಹಿಡಿತ ಬಿಟ್ಟರೆ ಕಾರಿನ ಹಿಂಭಾಗ ಹೊರಕ್ಕೆ ಬೀಸಿ ಗಾಡಿ ಗಿರಕಿ ಹೊಡೆಯುತ್ತದೆ, ಅದನ್ನು ಹಿಡಿದು ನಿಲ್ಲಿಸುವುದು ಪಳಗಿದ ಚಾಲಕರಿಗೂ ಕಷ್ಟ. ಆಗುಂಬೆಯ ಒಂದು ತಿರುವನ್ನು ನೆನಪಿಗೆ ತಂದುಕೊಂಡರೆ ಸಾಕು. ಕಾರು ಮುಂದಿನ ಚಕ್ರದಿಂದ ಓಡುವುದಿರಲಿ, ಹಿಂದಿನದರಿಂದ ಓಡುವುದಿರಲಿ, ನಿಯಮ ಒಂದೇ. ಅಂಗಡಿಯವರು ಎಷ್ಟೇ ಹೇಳಲಿ, ಈ ವಿಷಯದಲ್ಲಿ ಪಟ್ಟು ಬಿಡಬೇಡಿ.

ಬ್ರ್ಯಾಂಡನ್ನು ನಂಬುವುದು ಎಷ್ಟರ ಮಟ್ಟಿಗೆ

ಮಾರುಕಟ್ಟೆಯಲ್ಲಿ ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ ಎಂಬ ನಮ್ಮ ದೇಶದ ನಾಲ್ಕು ಹೆಸರುಗಳಿವೆ. ಬ್ರಿಜ್‌ಸ್ಟೋನ್, ಮಿಶೆಲಿನ್, ಗುಡ್‌ಇಯರ್, ಯೊಕೊಹಾಮಾ, ಕಾಂಟಿನೆಂಟಲ್ ಮುಂತಾದ ಹೊರಗಿನ ಹೆಸರುಗಳಿವೆ. ‘ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇಂಥದ್ದೇ’ ಎಂಬ ಅಭಿಮಾನ ಟಯರಿನಲ್ಲಿ ಬಹಳ. ಆದರೆ ಒಂದು ಹೆಸರಿನ ಹಿಂದಿನ ಕಾರ್ಖಾನೆ, ಮಾಲೀಕರು, ರಬ್ಬರಿನ ಮಿಶ್ರಣ ಎಲ್ಲವೂ ಬದಲಾಗುತ್ತಿರುತ್ತವೆ. ಹಿರಿಯರಿಗೆ ಅಚ್ಚುಮೆಚ್ಚಾಗಿದ್ದ ಮೈಸೂರಿನ ವಿಕ್ರಾಂತ್ 1997ರಲ್ಲಿ ಜೆಕೆ ಟಯರ್ ಕೈ ಸೇರಿತು. ಹಳೆಯ ಅನುಭವದ ಮೇಲೆ ಇಂದಿನ ಟಯರನ್ನು ತೂಗುವುದು ನ್ಯಾಯವಲ್ಲ.

ಬ್ರ್ಯಾಂಡಿಗಿಂತ ಮಾಡೆಲ್ ಮುಖ್ಯ. ಒಂದೇ ಕಂಪನಿ ಟ್ಯಾಕ್ಸಿಯವರಿಗೆ ಒಂದು, ಮನೆಬಳಕೆಗೆ ಒಂದು, ದೊಡ್ಡ ಕಾರಿಗೆ ಇನ್ನೊಂದು ಮಾಡುತ್ತದೆ. ಜೆಕೆಯವರ ಟ್ಯಾಕ್ಸಿಮ್ಯಾಕ್ಸ್ ಹೆಸರೇ ಹೇಳುವಂತೆ ಟ್ಯಾಕ್ಸಿಗೆ. ಸಿಯೆಟ್‌ನ ಮೈಲೇಜ್ ಎಕ್ಸ್3 ಒಂದು ಲಕ್ಷ ಕಿಲೋಮೀಟರ್ ಬಾಳಿಕೆಯ ಮಾತಿನಿಂದಲೇ ಮಾರಾಟಕ್ಕೆ ಬಂತು. ಬ್ರಿಜ್‌ಸ್ಟೋನಿನ ಸ್ಟರ್ಡೊ ಕೂಡ ಬಾಳಿಕೆಯ ಮೇಲೆ ನಿಂತದ್ದು. ಗುಡ್‌ಇಯರಿನ ಅಶ್ಯೂರೆನ್ಸ್ ಟ್ರಿಪಲ್‌ಮ್ಯಾಕ್ಸ್ ಒದ್ದೆ ರಸ್ತೆಯ ಬ್ರೇಕನ್ನು ಮುಂದಿಟ್ಟುಕೊಂಡು ಬಂದರೆ, ಮಿಶೆಲಿನ್ ತನ್ನ ಎನರ್ಜಿ ಎಕ್ಸ್‌ಎಂ2 ಪ್ಲಸ್ ಸವೆದ ಮೇಲೂ ಮಳೆಯಲ್ಲಿ ಹಿಡಿಯುತ್ತದೆ ಎನ್ನುತ್ತದೆ. ಇವೆಲ್ಲ ಕಂಪನಿಗಳೇ ಹೇಳಿಕೊಳ್ಳುವ ಮಾತು ಎಂಬುದೇನೋ ಸರಿ, ಆದರೆ ಯಾವ ಟಯರನ್ನು ಯಾವ ಗುರಿ ಇಟ್ಟು ಮಾಡಿದ್ದಾರೆ ಎಂಬುದಾದರೂ ಅದರಿಂದ ತಿಳಿಯುತ್ತದೆ. ಹೆಚ್ಚು ಬಾಳುವ ಟಯರಿನ ರಬ್ಬರ್ ಸಾಮಾನ್ಯವಾಗಿ ಗಡುಸು, ಹಿಡಿತ ಹೆಚ್ಚಿರುವುದು ಮೆತ್ತಗೆ, ಬೇಗ ಸವೆಯುತ್ತದೆ. ಎರಡನ್ನೂ ಒಂದರಲ್ಲೇ ಪೂರ್ತಿಯಾಗಿ ತರಲು ಯಾರಿಗೂ ಆಗಿಲ್ಲ. ದಿನಕ್ಕೆ ಇನ್ನೂರು ಕಿಲೋಮೀಟರ್ ಓಡುವ ಟ್ಯಾಕ್ಸಿಗೆ ಬಾಳಿಕೆಯೇ ಲಾಭ. ಮಣಿಪಾಲದಿಂದ ಉಡುಪಿಗೆ ಕೆಲಸಕ್ಕೆ ಹೋಗಿಬರುವ ಕಾರಿಗೆ ಒಂದು ಲಕ್ಷದ ಬಾಳಿಕೆ ಏಕೆ? ಅಷ್ಟು ಓಡುವ ಮೊದಲೇ ಟಯರಿಗೆ ವಯಸ್ಸಾಗಿರುತ್ತದೆ.

ಕೆಲವು ಟಯರ್‌ಗಳ ಬದಿಯಲ್ಲಿ ಅಮೆರಿಕದ ಪದ್ಧತಿಯ ಮೂರು ಗುರುತು ಅಚ್ಚಾಗಿರುತ್ತದೆ: ಟ್ರೆಡ್‌ವೇರ್ (ಸವೆತದ ಬಾಳಿಕೆ) ಎಂದು ಒಂದು ಸಂಖ್ಯೆ, ಟ್ರ್ಯಾಕ್ಷನ್ ಎಂದು ಒಂದು ಅಕ್ಷರ, ಟೆಂಪರೇಚರ್ ಎಂದು ಇನ್ನೊಂದು. ನಮಗೆ ಬೇಕಾದದ್ದು ಟ್ರ್ಯಾಕ್ಷನ್. ಅದು ಒದ್ದೆ ನೆಲದ ಮೇಲೆ ನೇರ ಬ್ರೇಕ್ ಹಾಕಿ ಅಳೆದ ದರ್ಜೆ: ಎಎ ಎಲ್ಲಕ್ಕಿಂತ ಮೇಲು, ಆಮೇಲೆ ಎ, ಬಿ, ಸಿ. ಬಿ ಇದ್ದರೆ ನಾನು ಮುಂದಿನ ಅಂಗಡಿಗೆ ಹೋಗುತ್ತೇನೆ. ಟ್ರೆಡ್‌ವೇರ್ ಸಂಖ್ಯೆಯನ್ನು ಒಂದೇ ಕಂಪನಿಯ ಎರಡು ಮಾಡೆಲ್ ಹೋಲಿಸಲು ಬಳಸಬಹುದು, ಬೇರೆ ಕಂಪನಿಯೊಂದಿಗೆ ಹೋಲಿಸಲು ನಂಬುವಂತಿಲ್ಲ. ಐಎಸ್ಐ ಗುರುತು ಎಲ್ಲ ಟಯರಿಗೂ ಕಡ್ಡಾಯ, ಇಲ್ಲದ್ದನ್ನು ಮುಟ್ಟಲೇಬೇಡಿ. ಅಗ್ಗಕ್ಕೆ ಸಿಗುವ ಹಳೆಯ ಟಯರಿಗೆ ಚಾಕುವಿನಿಂದ ಮತ್ತೆ ಗೀರು ಕೆತ್ತಿ ಮಾರುವುದೂ ಇದೆ. ಅದು ಜೀವದ ಜೊತೆ ಆಟ.

ಬ್ರ್ಯಾಂಡಿನ ನಂಬಿಕೆಯನ್ನು ಅಳೆಯಲು ನನ್ನಲ್ಲಿ ಒಂದು ಸರಳ ಪ್ರಶ್ನೆ ಇದೆ: ಈ ಮಾಡೆಲಿನ ಒಂದೇ ಒಂದು ಟಯರ್ ಇನ್ನೆರಡು ವರ್ಷದ ನಂತರ ಬೇಕಾದರೆ ಮಂಗಳೂರಿನಲ್ಲಿ ಸಿಗುತ್ತದೆಯೇ? ಹೊಂಡಕ್ಕೆ ಬಿದ್ದು ಒಂದು ಟಯರ್ ಹಾಳಾಗುವುದು ಇಲ್ಲಿ ಪ್ರತಿ ಮಳೆಗಾಲದ ಕಥೆ. ಆಗ ಅದೇ ಜೋಡಿ ಸಿಗದಿದ್ದರೆ ಎರಡನ್ನು ಕೊಳ್ಳಬೇಕಾಗುತ್ತದೆ. ಆ ಕಂಪನಿಯ ಅಧಿಕೃತ ಅಂಗಡಿ ನಿಮ್ಮ ಊರಿನಲ್ಲಿದೆಯೇ, ಕ್ಲೇಮ್ ಬಂದರೆ ಅವರೇ ನೋಡುತ್ತಾರೆಯೇ, ಬೆಂಗಳೂರಿಗೆ ಕಳುಹಿಸುತ್ತಾರೆಯೇ ಎಂದೂ ಕೇಳಿ.

ವಾರಂಟಿ ಕಾಗದವನ್ನು ಅಂಗಡಿಯಲ್ಲೇ ಓದಿ

ಐದಾರು ವರ್ಷದ ವಾರಂಟಿ ಎಂದ ಕೂಡಲೇ ಅಷ್ಟು ವರ್ಷ ಟಯರಿಗೆ ಏನಾದರೂ ಹೊಸದು ಕೊಡುತ್ತಾರೆ ಎಂದು ತಿಳಿಯಬಾರದು. ಸಾಮಾನ್ಯ ವಾರಂಟಿ ತಯಾರಿಕೆಯ ದೋಷಕ್ಕೆ ಮಾತ್ರ: ಪದರ ಬಿಟ್ಟುಕೊಳ್ಳುವುದು, ಮೇಲ್ಮೈ ರಬ್ಬರ್ ಎದ್ದು ಬರುವುದು, ರಿಮ್ಮಿಗೆ ಕೂರುವ ಅಂಚಿನ ತಂತಿಯ ದೋಷ. ಪಂಕ್ಚರ್, ಕಲ್ಲು ಕೊರೆದದ್ದು, ಹೊಂಡಕ್ಕೆ ಬಡಿದದ್ದು, ಅಲೈನ್‌ಮೆಂಟ್ ತಪ್ಪಿ ಸವೆದದ್ದು, ಗಾಳಿ ಇಲ್ಲದೆ ಓಡಿಸಿದ್ದು ಇದರಲ್ಲಿ ಬರುವುದಿಲ್ಲ. ದೋಷ ಒಪ್ಪಿದರೂ ಸಿಗುವುದು ಉಳಿದ ಗೀರಿಗೆ ತಕ್ಕ ರಿಯಾಯಿತಿ. ಉದಾಹರಣೆಗೆ ಹೊಸದಿದ್ದಾಗ ಆಳ 8 ಮಿಲಿಮೀಟರ್, ಕೊನೆಯ 1.6 ಬಿಟ್ಟರೆ ಬಳಕೆಗೆ 6.4. ಕ್ಲೇಮ್ ದಿನ ಆಳ 4.8 ಇದ್ದರೆ ಬಳಸಲು ಉಳಿದದ್ದು 3.2, ಅಂದರೆ ಅರ್ಧ. ಟಯರಿನ ದರ 6,000 ರೂಪಾಯಿ ಇದ್ದರೆ ನಿಮಗೆ 3,000 ಬಿಟ್ಟು, ಉಳಿದ 3,000 ನೀವು ಕೊಟ್ಟು ಹೊಸದನ್ನು ಒಯ್ಯಬೇಕು. ಲೆಕ್ಕದ ರೀತಿ ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ, ತತ್ತ್ವ ಇದೇ. ವಾರಂಟಿಯ ವರ್ಷಗಳನ್ನು ತಯಾರಾದ ದಿನದಿಂದ ಎಣಿಸುತ್ತಾರೋ ಬಿಲ್ಲಿನ ದಿನದಿಂದಲೋ ಎಂಬುದನ್ನೂ ಕಾಗದದಲ್ಲಿ ನೋಡಿಕೊಳ್ಳಿ.

ಕ್ಲೇಮ್ ಹೇಗೆ ನಡೆಯುತ್ತದೆ ಎಂಬುದನ್ನು ನಮ್ಮ ನೆರೆಯವರ ಜೊತೆ ಹೋಗಿ ನೋಡಿದ್ದೇನೆ. ಅವರ ಟಯರಿನ ಗೋಡೆಯಲ್ಲಿ ನಿಂಬೆಹಣ್ಣಿನಷ್ಟು ಗುಳ್ಳೆ ಎದ್ದಿತ್ತು. ಕಂಪನಿಯ ಎಂಜಿನಿಯರ್ ಟಯರನ್ನು ರಿಮ್ಮಿನಿಂದ ತೆಗೆಸಿ, ಗೀರಿನ ಆಳವನ್ನು ಮೂರು ಕಡೆ ಅಳೆದು ಬರೆದುಕೊಂಡರು. ಗುಳ್ಳೆಯ ಸುತ್ತ ಹಳದಿ ಸೀಮೆಸುಣ್ಣದಲ್ಲಿ ಗುಂಡಗೆ ಗೆರೆ ಎಳೆದರು. ಆಮೇಲೆ ಒಳಬದಿಯನ್ನು ಬಟ್ಟೆಯಿಂದ ಒರೆಸಿ, ಟಾರ್ಚ್ ಹಿಡಿದು, ಗುಳ್ಳೆಯ ನೇರಕ್ಕೆ ಇದ್ದ ಉಗುರಿನ ಗೀರಿನಂಥ ತೆಳು ರೇಖೆಯನ್ನು ಬೆರಳಿನಿಂದ ತೋರಿಸಿದರು. ರಿಮ್ಮಿನ ಅಂಚಿನಲ್ಲಿ ಅದೇ ಜಾಗದಲ್ಲಿ ಸಣ್ಣ ತಗ್ಗು. ಹೊಂಡದ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಒಳಗಿನ ದಾರ ತುಂಡಾಗಿದೆ, ಇದು ದೋಷವಲ್ಲ ಎಂದರು. ಕ್ಲೇಮ್ ತಿರಸ್ಕೃತವಾಯಿತು. ಆ ರೇಖೆಯನ್ನು ಕಣ್ಣಾರೆ ಕಂಡ ನನಗೆ ಅವರ ತೀರ್ಮಾನ ಸರಿ ಎಂದೇ ಅನಿಸಿತು. ಗೋಡೆಯ ಗುಳ್ಳೆಗಳಲ್ಲಿ ಬಹಳಷ್ಟು ಹೀಗೇ ಆದವು.

ಹಾಗಾಗಿ ನಮ್ಮ ರಸ್ತೆಗೆ ಹೆಚ್ಚು ಬೆಲೆಯುಳ್ಳದ್ದು ಇನ್ನೊಂದು ಬಗೆಯ ವಾರಂಟಿ. ಕೆಲವು ಕಂಪನಿಗಳು ಆಯ್ದ ಮಾಡೆಲ್‌ಗಳಿಗೆ ಷರತ್ತಿಲ್ಲದ ವಾರಂಟಿ ಎಂಬ ಹೆಸರಿನಲ್ಲಿ ಹೊಂಡ, ಕಲ್ಲಿನಿಂದಾದ ಹಾನಿಗೂ ಸೀಮಿತ ಅವಧಿಗೆ ರಕ್ಷಣೆ ಕೊಡುತ್ತವೆ. ಹೆಸರು ಹಾಗಿದ್ದರೂ ಷರತ್ತುಗಳಿವೆ: ಕೊಂಡ ಇಷ್ಟು ದಿನದೊಳಗೆ ಮೊಬೈಲ್ ಸಂಖ್ಯೆಯೊಂದಿಗೆ ನೋಂದಣಿ ಆಗಿರಬೇಕು, ಇಷ್ಟು ಸವೆತದ ಒಳಗಿರಬೇಕು, ಬಿಲ್ಲು ಇರಬೇಕು. ಎರಡು ಟಯರ್‌ಗಳ ಹಿಡಿತ, ದರ ಹತ್ತಿರಹತ್ತಿರ ಇದ್ದರೆ ನಾನು ಈ ರಕ್ಷಣೆ ಇರುವುದನ್ನೇ ಆರಿಸುತ್ತೇನೆ. ನೋಂದಣಿಯನ್ನು ‘ಮತ್ತೆ ಮಾಡುತ್ತೇವೆ’ ಎನ್ನಲು ಬಿಡದೆ ಅಂಗಡಿಯಲ್ಲಿ ನಿಂತೇ ಮಾಡಿಸಿ, ಸಂದೇಶ ಬಂದ ಮೇಲೆ ಹೊರಡಿ.

ಬಿಲ್ ಇಲ್ಲದೆ ಇನ್ನೂರು ರೂಪಾಯಿ ಕಡಿಮೆ ಎಂದರೆ ಒಪ್ಪಬೇಡಿ. ಜಿಎಸ್‌ಟಿ ಬಿಲ್ಲಿನಲ್ಲಿ ಮಾಡೆಲ್, ಅಳತೆ, ಪ್ರತಿ ಟಯರಿನ ಸರಣಿ ಸಂಖ್ಯೆ, ಕಾರಿನ ನಂಬರ್, ಅಂದಿನ ಕಿಲೋಮೀಟರ್ ಬರೆಸಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಹೊಸ ಟಯರಿನ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ 18 ಎಂದೇ ಇದೆಯೇ ನೋಡಿ. ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಅದು ನ್ಯಾಯವಲ್ಲ ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅಲ್ಲಿ ಬಗೆಹರಿಯದಿದ್ದರೆ ಮಂಗಳೂರಿನಲ್ಲಿಯೂ ಉಡುಪಿಯಲ್ಲಿಯೂ ಜಿಲ್ಲಾ ಗ್ರಾಹಕ ಆಯೋಗವಿದೆ. ಐದು ಲಕ್ಷ ರೂಪಾಯಿ ತನಕದ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ.

ಹಾಕಿಸುವ ದಿನ

ಕಾರನ್ನು ಬಿಟ್ಟು ಚಹಾಕ್ಕೆ ಹೋಗದೆ ಹತ್ತಿರವೇ ನಿಲ್ಲಿ. ಟಯರ್ ಬಿಚ್ಚಿದಾಗ ಬರಿಯ ರಿಮ್ ಕಣ್ಣಿಗೆ ಬೀಳುತ್ತದೆ. ಮಲ್ಪೆ, ಉಳ್ಳಾಲ, ಸುರತ್ಕಲ್‌ನಂಥ ಕಡಲ ಬದಿಯ ಮನೆಗಳ ಕಾರಿನಲ್ಲಿ ಟಯರ್ ಕೂರುವ ಅಂಚಿಗೆ ತುಕ್ಕು ಹಿಡಿದಿರುತ್ತದೆ. ಅದನ್ನು ತಂತಿಬ್ರಷ್‌ನಿಂದ ಉಜ್ಜದೆ ಹೊಸ ಟಯರ್ ಕೂರಿಸಿದರೆ ವಾರಕ್ಕೊಮ್ಮೆ ಗಾಳಿ ಇಳಿಯುತ್ತದೆ, ದೋಷ ಟಯರಿನ ತಲೆಗೆ ಬರುತ್ತದೆ. ರಬ್ಬರ್ ವಾಲ್ವ್ ಹೊಸದು ಹಾಕಿಸಿ. ಟಯರಿನ ಬದಿಯಲ್ಲಿ ಹಳದಿ ಚುಕ್ಕೆ ಇದ್ದರೆ ಅದು ಹಗುರವಾದ ಜಾಗ. ವಾಲ್ವ್ ಇರುವ ಕಡೆಗೆ ಅದನ್ನು ಹೊಂದಿಸಿದರೆ ಚಕ್ರದ ಭಾರ ಸಮ ಮಾಡುವ ಬ್ಯಾಲೆನ್ಸಿಂಗ್‌ಗೆ ಕಡಿಮೆ ತೂಕ ಸಾಕಾಗುತ್ತದೆ. ತಿರುಗುವ ದಿಕ್ಕಿನ ಬಾಣವೋ ಹೊರಬದಿ ಎಂಬ ಗುರುತೋ ಇದ್ದರೆ ಅದರಂತೆಯೇ ಕೂರಿಸಿದ್ದಾರೆಯೇ ನೋಡಿ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಅಂದೇ ಆಗಲಿ; ಅಲೈನ್‌ಮೆಂಟಿನ ಮುದ್ರಿತ ವರದಿಯನ್ನು ಬಿಲ್ಲಿನ ಜೊತೆ ಇಟ್ಟುಕೊಳ್ಳಿ, ಮುಂದೆ ಕ್ಲೇಮಿಗೆ ಅದೇ ಸಾಕ್ಷಿ. ನೈಟ್ರೋಜನ್ ಬೇಕಾದರೆ ಹಾಕಿಸಿ, ಬೇಡವಾದರೂ ನಷ್ಟವಿಲ್ಲ. ಸಾಮಾನ್ಯ ಗಾಳಿಯಲ್ಲೇ ಅದು ಶೇಕಡಾ 78ರಷ್ಟಿದೆ.

ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನ ಓಡಿಸಿ, ಹೊಸ ರಬ್ಬರಿನ ಮೇಲ್ಪದರ ನುಣುಪಾಗಿರುತ್ತದೆ. ಮೀನಿನ ಲಾರಿಯ ನೀರು ಸೋರಿದ ಹೆದ್ದಾರಿಯಲ್ಲಂತೂ ಇನ್ನೂ ಎಚ್ಚರ ಬೇಕು. ಎರಡು ವಾರಕ್ಕೊಮ್ಮೆ ಬೆಳಿಗ್ಗೆ, ಕಾರು ಓಡುವ ಮೊದಲು, ಟಯರ್ ತಣ್ಣಗಿರುವಾಗ ಗಾಳಿ ನೋಡಿ. ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಚಕ್ರಗಳನ್ನು ಅದಲುಬದಲು ಮಾಡಿಸಿ. ಪಂಕ್ಚರ್ ಆದರೆ ಹೊರಗಿನಿಂದ ಬತ್ತಿ ತುರುಕಿದ್ದು ತಾತ್ಕಾಲಿಕ ಎಂದುಕೊಂಡು, ಆದಷ್ಟು ಬೇಗ ಒಳಗಿನಿಂದ ಅಂಟಿಸುವ ಪ್ಯಾಚ್ ಹಾಕಿಸಿ. ಗೋಡೆಗೆ ಆದ ತೂತಿಗೆ ರಿಪೇರಿ ಇಲ್ಲ.

ಕಾರನ್ನು ಮನೆಯಲ್ಲಿ ಬಿಟ್ಟು ಪರವೂರಿಗೆ ಹೊರಡುವವರು ಗಾಳಿಯನ್ನು ಚೀಟಿಯಲ್ಲಿರುವಷ್ಟು ತುಂಬಿಸಿ, ಚಕ್ರಗಳಿಗೆ ಬಿಸಿಲು ಬೀಳದಂತೆ ನೆರಳಿನಲ್ಲಿ ನಿಲ್ಲಿಸಿ ಹೋಗಿ. ಎರಡು ವಾರಕ್ಕೊಮ್ಮೆ ಕಾರನ್ನು ಐದಾರು ಕಿಲೋಮೀಟರ್ ಓಡಿಸಿ ತಂದು ನಿಲ್ಲಿಸುವಂತೆ ಊರಿನಲ್ಲಿರುವ ತಮ್ಮನಿಗೋ ಭಾವನಿಗೋ ಕೀಲಿ ಕೊಟ್ಟು ಹೇಳಿ. ಬಿಲ್ಲು, ಅಲೈನ್‌ಮೆಂಟ್ ವರದಿ, ನೋಂದಣಿಯ ಸಂದೇಶದ ಫೋಟೊಗಳನ್ನೂ ಅವರ ಮೊಬೈಲಿಗೆ ಕಳುಹಿಸಿಡಿ. ವಾರಂಟಿಯ ಕೆಲಸ ಬಿದ್ದರೆ ಅಂಗಡಿಗೆ ಹೋಗಬೇಕಾದವರು ಅವರೇ.